ಹಗ್ಗಕ್ಕೂ ಒಂದು ಲೆಕ್ಕ ಬೇಕು

ತೋರಣಗಲ್ಲಿನ ಕಡೆಯಿಂದ ಬರುವ ಟ್ರೈಲರ್‌ಗಳ ಮೇಲೆ ಕೂತಿರುವ ಉಕ್ಕಿನ ಸುರುಳಿಗಳನ್ನು ಹೆದ್ದಾರಿಯಲ್ಲಿ ಓಡಾಡುವವರೆಲ್ಲ ನೋಡಿರುತ್ತಾರೆ. ಒಂದೊಂದು ಸುರುಳಿ ಇಪ್ಪತ್ತು ಟನ್ ತೂಗುವುದು ಸಾಮಾನ್ಯ. ಚಾಲಕ ಗಕ್ಕನೆ ಬ್ರೇಕ್ ಒತ್ತಿದರೆ ನಿಲ್ಲುವುದು ಚಕ್ರ. ಸುರುಳಿ ಬಂದ ವೇಗದಲ್ಲೇ ಮುನ್ನುಗ್ಗಲು ನೋಡುತ್ತದೆ, ಅದರ ಎದುರಿಗಿರುವುದು ಆ ಚಾಲಕನದೇ ಕ್ಯಾಬಿನ್. ತಡೆಯಬೇಕಾದದ್ದು ಅಡಿಗೆ ಕೊಟ್ಟ ದಿಮ್ಮಿ, ಬಿಗಿದ ಚೈನು ಮತ್ತು ತಳದ ಘರ್ಷಣೆ. ಉಕ್ಕಿನ ಹಲಗೆಯ ಮೇಲೆ ಉಕ್ಕು ಕೂತಾಗ ಘರ್ಷಣೆಯ ಮೇಲೆ ಹೆಚ್ಚು ಭರವಸೆ ಇಡುವಂತಿಲ್ಲ. ಎಣ್ಣೆಯ ಪಸೆ ಇದ್ದರಂತೂ ಇಲ್ಲವೇ ಇಲ್ಲ. ಹಾಗಾದರೆ ಚೈನು ಎಷ್ಟಿರಬೇಕು, ಒಂದೊಂದು ಎಷ್ಟು ಭಾರ ತಾಳಬೇಕು? ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ದಂಡ ಹಾಕುವುದು ತೂಕ ಮೀರಿದ್ದಕ್ಕೆ ಮತ್ತು ಸರಕು ಹೊರಚಾಚಿದ್ದಕ್ಕೆ. 2019ರ ತಿದ್ದುಪಡಿಯ ನಂತರ ತೂಕ ಮೀರಿದರೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000, ಹೊರಚಾಚಿದರೂ 20,000. ತೂಕ ಸರಿಯಿದ್ದು, ಅಂಚು ದಾಟದೆ, ಸಡಿಲ ಹಗ್ಗದಲ್ಲಿ ನಿಂತಿರುವ ಸರಕಿನ ಬಗ್ಗೆ ಈ ಸೆಕ್ಷನ್ನಿಗೆ ಹೇಳಲು ಏನೂ ಇಲ್ಲ. ಅಪಾಯವಾಗುವಂತೆ ಹೇರಬಾರದು ಎಂಬ ಸಾಮಾನ್ಯ ಮಾತು ರಸ್ತೆ ನಿಯಮಗಳಲ್ಲಿ ಇದ್ದರೂ, ಅಪಾಯ ಯಾವುದೆಂದು ತೀರ್ಮಾನಿಸುವುದು ರಸ್ತೆ ಬದಿಯಲ್ಲಿ ನಿಂತ ಅಧಿಕಾರಿಯ ಕಣ್ಣಂದಾಜು. 2018ರಲ್ಲಿ ಕೇಂದ್ರ ಸರ್ಕಾರ ಎರಡು ಆ್ಯಕ್ಸಲ್ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿತು. ಹೊರುವ ಭಾರ ಹೆಚ್ಚಿತು. ಅದನ್ನು ಹಿಡಿದಿಡುವ ಹಗ್ಗದ ಪ್ರಸ್ತಾಪವೇ ಬರಲಿಲ್ಲ.

ಲೆಕ್ಕ ಹಾಕಲು ಬರುವುದಿಲ್ಲ ಎನ್ನುವಂತಿಲ್ಲ. ಅಮೆರಿಕದಲ್ಲಿ 2004ರ ಜನವರಿಯಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಸರಕು ಕಟ್ಟುವ ವ್ಯವಸ್ಥೆ ಮುಂದಕ್ಕೆ ಸರಕಿನ ತೂಕದ ಶೇ 80ರಷ್ಟು, ಹಿಂದಕ್ಕೂ ಪಕ್ಕಕ್ಕೂ ಶೇ 50ರಷ್ಟು ಬಲ ತಡೆಯಬೇಕು. ಕಟ್ಟಿದ ಬೆಲ್ಟು, ಚೈನುಗಳ ಒಟ್ಟು ತಾಳಿಕೆ ಸರಕಿನ ತೂಕದ ಅರ್ಧಕ್ಕಿಂತ ಕಡಿಮೆ ಇರಕೂಡದು. ಮುಂದೆ ಅಡ್ಡಗಟ್ಟು ಇಲ್ಲದಿದ್ದರೆ ಹತ್ತು ಅಡಿವರೆಗಿನ ಸರಕಿಗೆ ಸಾಮಾನ್ಯವಾಗಿ ಎರಡು ಕಟ್ಟು, ಆಮೇಲೆ ಪ್ರತಿ ಹತ್ತು ಅಡಿಗೆ ಇನ್ನೊಂದು. ಲೋಹದ ಸುರುಳಿ, ಮರದ ದಿಮ್ಮಿ, ಬಂಡೆ, ಕಾಂಕ್ರೀಟ್ ಪೈಪು, ಕಂಟೇನರ್ ಹೀಗೆ ಒಂದೊಂದಕ್ಕೂ ಬೇರೆ ನಿಯಮ. ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು ಮತ್ತೊಂದು: ಹೊರಟು 50 ಮೈಲಿ, ಅಂದರೆ 80 ಕಿಲೋಮೀಟರ್ ಆಗುವುದರೊಳಗೆ ಚಾಲಕ ಇಳಿದು ಕಟ್ಟು ನೋಡಬೇಕು, ನಂತರ 150 ಮೈಲಿಗೆ ಅಥವಾ ಮೂರು ಗಂಟೆಗೆ ಒಮ್ಮೆ ಮತ್ತೆ ನೋಡಬೇಕು. ಇದರ ಹಿಂದಿರುವ ತಿಳಿವಳಿಕೆ ನಮ್ಮ ಹಮಾಲರಿಗೂ ಉಂಟು. ಮೂಟೆ ಹೇರಿ ಎಷ್ಟೇ ಜಗ್ಗಿ ಗಂಟು ಹಾಕಿದರೂ ಲಾರಿ ನಾಲ್ಕು ಹುಬ್ಬು ಹತ್ತಿಳಿದರೆ ಮೂಟೆಗಳು ಕುಸಿದು ಕೂರುತ್ತವೆ, ನೈಲಾನ್ ಹಗ್ಗ ಹಿಗ್ಗುತ್ತದೆ, ಬಿಗಿಯಾಗಿದ್ದ ಎಳೆ ಕೈ ತೂರುವಷ್ಟು ಸಡಿಲವಾಗುತ್ತದೆ. ಮೇಲೆ ತಾಡಪತ್ರಿ ಹೊದಿಸಿದ್ದರೆ ಆ ಸಡಿಲ ಯಾರ ಕಣ್ಣಿಗೂ ಬೀಳದು. ಚೆನ್ನಾಗಿ ಮುಚ್ಚಿದ ಲಾರಿ ಚೆನ್ನಾಗಿ ಕಟ್ಟಿದ ಲಾರಿಯೇ ಎಂಬ ನಂಬಿಕೆ ಹುಟ್ಟುವುದು ಇಲ್ಲೇ. ಮರಳು, ಜಲ್ಲಿ, ಅದಿರಿಗೆ ತಾಡಪತ್ರಿ ನಿಜವಾದ ರಕ್ಷಣೆ. ಹೊದಿಕೆ ಇಲ್ಲದೆ ಕಟ್ಟಡ ಸಾಮಗ್ರಿ ಸಾಗಿಸುವಂತಿಲ್ಲ ಎಂದು ಪರಿಸರ ಸಚಿವಾಲಯ 2018ರಲ್ಲಿ ಹೇಳಿದ್ದೂ ಸರಿ. ಕಲ್ಲು, ಕಬ್ಬಿಣ, ಮೂಟೆಗಳಿಗೆ ಅದು ಮಳೆಗೆ ಅಡ್ಡವೇ ಹೊರತು ಬ್ರೇಕಿನ ಹೊಡೆತಕ್ಕೆ ಅಡ್ಡವಲ್ಲ.

ಹೊಸ ನಿಯಮವೆಂದರೆ ಹೊಸ ವಸೂಲಿ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಲಾರಿಯವರು ಇದನ್ನು ದಿನವೂ ಉಣ್ಣುತ್ತಿದ್ದಾರೆ. ಆದರೆ ವಸೂಲಿಗೆ ಜಾಗ ಸಿಗುವುದು ಅಳತೆ ಇಲ್ಲದ ಕಡೆ. ಲಾರಿಯ ಹಿಂದೆ ಕಬ್ಬಿಣದ ಸರಳು ಒಂದು ಮೀಟರ್‌ವರೆಗೆ ಚಾಚಿರಬಹುದು ಎಂಬ ಅವಕಾಶವನ್ನು 2014ರಲ್ಲಿ ತೆಗೆದುಹಾಕಲಾಯಿತು. ಸರಳುಗಳು ಇಂದಿಗೂ ಚಾಚಿಕೊಂಡು ಓಡಾಡುತ್ತಿವೆ, ನಿಜ. ಆದರೆ ಅದು ತಪ್ಪೋ ಸರಿಯೋ ಎಂಬ ವಾದಕ್ಕೆ ಈಗ ಎಡೆಯಿಲ್ಲ, ಅಪಘಾತವಾದರೆ ನ್ಯಾಯಾಲಯಕ್ಕೂ ನಿಲ್ಲಲು ನೆಲವಿದೆ. ‘ಸರಿಯಾಗಿ ಕಟ್ಟಿಲ್ಲ’ ಎಂಬ ಮಾತಿನಲ್ಲಿ ಚೌಕಾಸಿ ನಡೆಯುತ್ತದೆ; ‘ನಾಲ್ಕು ಬೇಕಿತ್ತು, ಎರಡೇ ಇವೆ’ ಎಂಬಲ್ಲಿ ಅಷ್ಟು ಸುಲಭವಲ್ಲ. ಅಮೆರಿಕದ ಅಂಕಿ ನಮ್ಮ ನಿಧಾನದ ಲಾರಿಗಳಿಗೆ ಯಾಕೆ ಎನ್ನುವವರೂ ಇದ್ದಾರೆ. ಬ್ರೇಕಿನ ಜಗ್ಗು ವೇಗವೊಂದನ್ನೇ ನಂಬಿಲ್ಲ, ಎಷ್ಟು ಹಠಾತ್ತಾಗಿ ನಿಂತಿತು ಎಂಬುದರ ಮೇಲಿದೆ. ಶಿರಾಡಿ, ಅರಬೈಲು ಘಾಟಿಗಳ ತಿರುವು, ಗುಂಡಿ, ಗುರುತಿಲ್ಲದ ಹುಬ್ಬುಗಳ ನಡುವೆ 80 ಕಿಲೋಮೀಟರ್ ಕಾಯುವುದೇ ತಡವಾದೀತು. ಇಲ್ಲಿ ಮೊದಲ ತಪಾಸಣೆ ಹೊರಟ ಊರು ದಾಟುತ್ತಲೇ ಆಗಬೇಕು.

ಖರ್ಚಿನ ಮಾತು ಉಳಿಯಿತು. ಒಂದೇ ಲಾರಿ ಇಟ್ಟುಕೊಂಡು ಕಂತು ಕಟ್ಟುತ್ತಿರುವವನ ಮೇಲೆ ಚೈನು, ರ‍್ಯಾಚೆಟ್ ಬೆಲ್ಟು, ರಬ್ಬರ್ ಮ್ಯಾಟುಗಳ ಹೊರೆಯನ್ನೂ ಹಾಕುವುದು ಅನ್ಯಾಯ ಎಂದೇ ನಾನೂ ಹೇಳುತ್ತೇನೆ. ಸರಕು ಹೇರುವುದು ಚಾಲಕನಲ್ಲ. ಕಾರ್ಖಾನೆಯ, ಕ್ವಾರಿಯ, ಗೋದಾಮಿನ ಕ್ರೇನು ಮತ್ತು ಆಳುಗಳು. 194ನೇ ಸೆಕ್ಷನ್ ವಾಹನ ಓಡಿಸಿದವನ ಜೊತೆಗೆ ಓಡಿಸಲು ಬಿಟ್ಟವನನ್ನೂ ಹಿಡಿಯುವ ಮಾತಾಡುತ್ತದೆ. ಹೊಣೆಯನ್ನು ಹೇರಿಸಿದವರ ಬಳಿಗೇ ಒಯ್ಯಬೇಕು. 2018ರಿಂದ 50,000 ರೂಪಾಯಿ ಮೀರಿದ ಸರಕಿಗೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕೇ ಬೇಕು. ತೆರಿಗೆ ತಪ್ಪಬಾರದೆಂದು ಗೇಟಿನಲ್ಲಿ ಇಷ್ಟು ಕಟ್ಟುನಿಟ್ಟು ಸಾಧ್ಯವಾಗಿದೆ. ಹಾಗಿರುವಾಗ ವೇಬ್ರಿಡ್ಜ್ ಚೀಟಿಯ ಜೊತೆ ಎಷ್ಟು ಚೈನು, ಎಷ್ಟು ತಾಳಿಕೆ, ಕಟ್ಟಿಸಿದವರು ಯಾರು ಎಂದು ಬರೆದು ಸಹಿ ಹಾಕಿದ ಇನ್ನೊಂದು ಚೀಟಿ ಕೇಳುವುದು ಅತಿಯೇನಲ್ಲ. ದೇಶಕ್ಕೆಲ್ಲ ಅನ್ವಯವಾಗುವ ನಿಯಮವನ್ನು ಕೇಂದ್ರ ತರಬೇಕು, ಅದಕ್ಕೆ ಸಮಯ ಹಿಡಿಯಬಹುದು. ಇಳಕಲ್, ಚಾಮರಾಜನಗರಗಳ ಗ್ರಾನೈಟ್ ಬಂಡೆಗಳಿಗೆ ಕಾಯಬೇಕಾಗಿಲ್ಲ. ಅವು ಕ್ವಾರಿ ಬಿಟ್ಟು ಕದಲಬೇಕಾದರೆ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾಗಣೆ ಪರವಾನಗಿ ಬೇಕು. ಆ ಪರವಾನಗಿಗೆ ಚೈನಿನ ಷರತ್ತೊಂದನ್ನು ಸೇರಿಸುವ ಕೆಲಸವನ್ನು ಬೆಂಗಳೂರಿನಲ್ಲೇ ಶುರು ಮಾಡಬಹುದು.