ಸಂಶೋಧನೆಯೂ ಮೊದಲ ಬಂಡವಾಳವೂ

ರಾಜ್ಯ ಸರಕಾರದವರು 2025-30ರ ಅವಧಿಗಾಗಿ ನವೋದ್ಯಮ ನೀತಿಯೊಂದನ್ನು ಅಂಗೀಕರಿಸಿ, ಐದು ವರ್ಷಗಳಲ್ಲಿ 25,000 ನವೋದ್ಯಮಗಳು ಹುಟ್ಟಬೇಕೆಂದೂ, ಅವುಗಳಲ್ಲಿ 10,000 ಬೆಂಗಳೂರಿನ ಹೊರಗೆ ತಲೆಯೆತ್ತಬೇಕೆಂದೂ ಗುರಿಯಿಟ್ಟುಕೊಂಡಿರುವರು. ಸಂಕಲ್ಪವು ಶ್ಲಾಘ್ಯವಾದುದು. ಆದರೆ ‘ಬೆಂಗಳೂರಿನ ಹೊರಗೆ’ ಎಂಬ ಮಾತಿನ ಅರ್ಥವು ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡಗಳ ಎಲ್ಲೆಯಲ್ಲಿಯೇ ಮುಗಿದುಹೋಗುವುದೋ, ಅಥವಾ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳವರೆಗೂ ಬರುವುದೋ ಎಂಬುದನ್ನು ಈಗಲೇ ಕೇಳತಕ್ಕುದು ಯುಕ್ತವೆಂದು ನಾವು ತಿಳಿದಿರುವೆವು. ಗುರಿಯನ್ನು ಕಾಗದದ ಮೇಲೆ ಬರೆಯುವುದು ಸುಲಭ. ಅದಕ್ಕೆ ಹೋಗುವ ದಾರಿಯಲ್ಲಿ ಎಲ್ಲಿ ಸೇತುವೆ ಇಲ್ಲವೆಂಬುದನ್ನು ಕಂಡುಕೊಳ್ಳುವುದು ಕಷ್ಟ. ಆ ಇಲ್ಲದ ಸೇತುವೆಯ ವಿಷಯವಾಗಿಯೇ ಇಂದು ನಾಲ್ಕು ಮಾತು ಹೇಳಬಯಸುತ್ತೇವೆ.

ಈ ಐದು ತಾಲ್ಲೂಕುಗಳು 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿದವು. ಹೊಸಪೇಟೆಯೊಂದನ್ನು ಬಿಟ್ಟರೆ ಜಿಲ್ಲೆಯೆಂದರೆ ಇವೇ. ಅದಿರಿನ ಸಂಪತ್ತಿಗೆ ಹೆಸರಾದುದು ಸಂಡೂರು, ಹೊಸಪೇಟೆಗಳ ಕಡೆಯ ಗುಡ್ಡಸಾಲು. ಇತ್ತ ಪಶ್ಚಿಮದಲ್ಲಿ ತುಂಗಭದ್ರೆಯು ಹರಪನಹಳ್ಳಿ, ಹಡಗಲಿಗಳ ಅಂಚನ್ನು ಸವರಿಕೊಂಡು ಹರಿದರೂ, ಒಳನಾಡಿನ ಹೊಲಗಳಲ್ಲಿ ಬಹುಪಾಲು ಇಂದಿಗೂ ಮುಗಿಲನ್ನೇ ನೋಡುತ್ತಿರುವವು. ಕೂಡ್ಲಿಗಿ, ಕೊಟ್ಟೂರುಗಳಲ್ಲಿ ಶೇಂಗಾ, ಹರಪನಹಳ್ಳಿಯಲ್ಲಿ ಮೆಕ್ಕೆಜೋಳ, ಹಗರಿಬೊಮ್ಮನಹಳ್ಳಿಯ ಕಡೆಗೆ ದಾಳಿಂಬೆ, ಹಡಗಲಿಯಲ್ಲಿ ಊರಿನ ಹೆಸರಿಗೇ ‘ಹೂವಿನ’ ಎಂಬ ವಿಶೇಷಣವನ್ನು ತಂದುಕೊಟ್ಟ ಹೂವಿನ ಬೇಸಾಯ - ಇವು ಇಲ್ಲಿಯ ಜೀವನಾಧಾರಗಳು. ಬೆಳೆಯುವ ಕಲೆಯಲ್ಲಿ ನಮ್ಮ ರೈತರು ಯಾರಿಗೂ ಕಡಿಮೆಯಲ್ಲ. ಬೆಳೆದುದು ಹೊಲದಿಂದ ಸಂತೆಗೆ ಹೋಗುವ ನಡುವೆಯೇ ಅವರ ಲಾಭವು ಸೋರಿಹೋಗುತ್ತಿದೆ.

ಕೆಲವು ಉದಾಹರಣೆಗಳನ್ನು ನೋಡೋಣ. ಕಿತ್ತ ಶೇಂಗಾ ಸರಿಯಾಗಿ ಒಣಗದೆ ಹಸಿಯಲ್ಲೇ ರಾಶಿಯಾದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುವುದು. ಅಂಥ ಕಾಳನ್ನು ಪರದೇಶದ ಖರೀದಿದಾರರು ಮುಟ್ಟುವುದಿಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಮೆಕ್ಕೆಜೋಳವನ್ನು ಡಾಂಬರು ರಸ್ತೆಯ ಮೇಲೆ ಹರಡಿಕೊಂಡು ರೈತನು ಆಕಾಶವನ್ನು ಬೈಯುತ್ತ ಕೂಡುವುದನ್ನು ಆ ಕಡೆಯ ದಾರಿಯಲ್ಲಿ ಹೋದವರೆಲ್ಲರೂ ಕಂಡಿರುವರು. ದುಂಡಾಣು ಅಂಗಮಾರಿ ರೋಗ ಬಿದ್ದರೆ ದಾಳಿಂಬೆಯ ತೋಟವನ್ನು ಬುಡಸಹಿತ ಕಿತ್ತೊಗೆಯಬೇಕಾಗುವ ದುರ್ದೆಸೆಯೂ ಬರುವುದುಂಟು. ಇನ್ನು ಹಡಗಲಿಯ ಮಲ್ಲಿಗೆಯು ಮೈಸೂರು, ಉಡುಪಿ ಮಲ್ಲಿಗೆಗಳ ಜೊತೆಗೆ ಭೌಗೋಳಿಕ ಸೂಚಿಯ ಮಾನ್ಯತೆಯನ್ನು ಪಡೆದ ಹೂವು. ಆದರೆ ಬೆಳಗಿನಲ್ಲಿ ಮೊಗ್ಗಾಗಿ ಬಿಡಿಸಿದುದು ಸಂಜೆಗೆ ಅರಳಿ ಮರುದಿನಕ್ಕೆ ಬಾಡುವುದರಿಂದ, ಹೂವು ಹೆಚ್ಚಾಗಿ ಬಂದ ದಿನ ಬೆಳೆದವನಿಗೆ ಬಿಡಿಸಿದ ಕೂಲಿಯೂ ಹುಟ್ಟದೆಹೋಗುವುದು.

ಇವುಗಳಿಗೆ ಪರಿಹಾರವನ್ನು ಯಾರೂ ಹುಡುಕಿಲ್ಲವೆಂದಲ್ಲ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ, ಬಾಗಲಕೋಟೆಯಲ್ಲಿ ತೋಟಗಾರಿಕೆಯ ವಿಶ್ವವಿದ್ಯಾಲಯ, ಬಳ್ಳಾರಿಯಲ್ಲಿ ಶ್ರೀಕೃಷ್ಣದೇವರಾಯರ ಹೆಸರಿನ ವಿಶ್ವವಿದ್ಯಾಲಯ ಇವೆ. ಹಡಗಲಿಯಲ್ಲಿಯೇ ಸರಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಮೈಸೂರಿನಲ್ಲಿ ಕೇಂದ್ರ ಆಹಾರ ಸಂಶೋಧನಾಲಯವೂ, ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಇವೆ. ಕಾಳನ್ನು ಒಣಗಿಸುವ ಯಂತ್ರ, ಹೂವನ್ನು ತಂಪಿನಲ್ಲಿಡುವ ಕ್ರಮ, ರೋಗವನ್ನು ತಡೆಯುವ ಸೂಕ್ಷ್ಮಾಣುಗಳ ಮಿಶ್ರಣ - ಇಂಥ ವಿಷಯಗಳ ಮೇಲೆ ವಿದ್ಯಾರ್ಥಿಗಳೂ ಅಧ್ಯಾಪಕರೂ ದುಡಿಯುತ್ತಲೇ ಇರುವರು. ಅಂತಿಮ ವರ್ಷದ ವಿದ್ಯಾರ್ಥಿಗಳ ಪ್ರಯೋಗಗಳಿಗೆ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1977ರಿಂದ ಸಣ್ಣ ಧನಸಹಾಯ ಮಾಡುತ್ತ ಬಂದಿದೆ. ಆದರೆ ಪದವಿ ದೊರೆತೊಡನೆ ಯಂತ್ರವು ಕಾಲೇಜಿನ ಮೂಲೆಯನ್ನು ಸೇರುವುದು, ವಿದ್ಯಾರ್ಥಿಯು ಬೆಂಗಳೂರಿನ ಬಸ್ಸನ್ನು ಹತ್ತುವನು. ಪ್ರೌಢಪ್ರಬಂಧಗಳು ‘ಶೋಧಗಂಗಾ’ ಎಂಬ ಭಂಡಾರವನ್ನು ಸೇರುವವು. ಹೆಸರೇನೋ ಗಂಗೆ; ಆದರೆ ಆ ಗಂಗೆಯ ಒಂದು ಕಾಲುವೆಯೂ ಕೂಡ್ಲಿಗಿಯ ಹೊಲಕ್ಕೆ ಹರಿದು ಬರಲಿಲ್ಲ.

ಇದಕ್ಕೆ ಕಾರಣವೇನು? ಒಂದು ಶೋಧವು ಪ್ರಯೋಗಶಾಲೆಯಿಂದ ಅಂಗಡಿಯವರೆಗೆ ಏರುವ ದಾರಿಯನ್ನು ತಜ್ಞರು ಒಂಬತ್ತು ಮೆಟ್ಟಿಲುಗಳಾಗಿ ಎಣಿಸುವರು. ಕೆಳಗಿನ ಮೆಟ್ಟಿಲುಗಳ ವಿದ್ಯೆಗೆ ವಿಶ್ವವಿದ್ಯಾಲಯದ ಹಣವಿದೆ. ಮೇಲಿನ ಮೆಟ್ಟಿಲುಗಳ ವ್ಯಾಪಾರಕ್ಕೆ ಬ್ಯಾಂಕೂ ಬಂಡವಾಳಗಾರನೂ ಇರುವರು. ಕೇಂದ್ರ ಸರಕಾರದವರು 2025ರಲ್ಲಿ ಒಂದು ಲಕ್ಷ ಕೋಟಿ ರೂಪಾಯಿಗಳ ಸಂಶೋಧನ-ಅಭಿವೃದ್ಧಿ-ನಾವೀನ್ಯ ಯೋಜನೆಗೆ ಒಪ್ಪಿಗೆ ಕೊಟ್ಟರಷ್ಟೆ. ಅದೂ ನಾಲ್ಕನೆಯ ಮೆಟ್ಟಿಲನ್ನು ಮುಟ್ಟಿದವರಿಗೇ ಮೀಸಲು. ಪ್ರಯೋಗಶಾಲೆಯಲ್ಲಿ ಸರಿಯೆಂದು ಕಂಡುದು ಹೊಲದಲ್ಲಿ, ಧೂಳಿನಲ್ಲಿ, ಕರೆಂಟು ಹೋಗಿಬರುವ ಹಳ್ಳಿಯಲ್ಲಿ ಸರಿಯಾಗುವುದೇ ಎಂದು ಮೊದಲ ಸಲ ಪರೀಕ್ಷಿಸುವ ನಡುದಾರಿಯೇ ಎಲ್ಲಕ್ಕಿಂತ ದುರ್ಗಮವಾದುದು. ಬ್ಯಾಂಕಿನವರು ಅಡವು ಕೇಳುವರು. ಪರೀಕ್ಷೆಗೆ ಅಡವೆಲ್ಲಿಂದ ಬರಬೇಕು? ಬಂಡವಾಳಗಾರರು ಮಾರಾಟದ ಲೆಕ್ಕ ಕೇಳುವರು. ಇನ್ನೂ ಮಾಡದ ಸರಕಿಗೆ ಮಾರಾಟವೆಲ್ಲಿ?

ಈ ನಡುದಾರಿಗೆಂದೇ ಸರಕಾರವು ಏನನ್ನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. 2016ರಲ್ಲಿ ಆರಂಭವಾದ ಕೇಂದ್ರದ ‘ನಿಧಿ’ ಯೋಜನೆಯ ‘ಪ್ರಯಾಸ್’ ವಿಭಾಗದಲ್ಲಿ ಮಾದರಿಯೊಂದನ್ನು ಕಟ್ಟಲು 10 ಲಕ್ಷ ರೂ.ಗಳವರೆಗೆ ಕೊಡುವ ಏರ್ಪಾಡಾಯಿತು. ನಮ್ಮ ರಾಜ್ಯದ ‘ಎಲಿವೇಟ್’ ಯೋಜನೆಯು 2017ರಿಂದ 50 ಲಕ್ಷ ರೂ.ಗಳವರೆಗಿನ ಅನುದಾನಕ್ಕೆ ದಾರಿ ಮಾಡಿತು. 2021ರಲ್ಲಿ 945 ಕೋಟಿ ರೂ.ಗಳ ಕೇಂದ್ರ ಬೀಜನಿಧಿಯು ಪ್ರಾರಂಭವಾಯಿತು. ಆದರೆ ಬೀಜನಿಧಿಗೆ ಅರ್ಜಿ ಹಾಕುವವನು ಮೊದಲೇ ಕಂಪನಿಯನ್ನು ನೋಂದಾಯಿಸಿ ಮಾನ್ಯತೆ ಪಡೆದಿರಬೇಕೆಂದು ವಿಧಿಸಲಾಯಿತು. ಹಣವನ್ನು ಹಂಚುವ ಕೆಲಸವನ್ನು ಇನ್‌ಕ್ಯುಬೇಟರ್ ಎಂದು ಕರೆಯಿಸಿಕೊಳ್ಳುವ ಪೋಷಣಕೇಂದ್ರಗಳಿಗೆ ವಹಿಸಲಾಯಿತು. ಅವುಗಳಲ್ಲಿ ಬಹುಪಾಲು ದೊಡ್ಡ ನಗರಗಳಲ್ಲಿರುವವು. ಹೀಗಾಗಿ ಹರಪನಹಳ್ಳಿಯ ಮೆಕ್ಕೆಜೋಳವನ್ನು ಒಣಗಿಸುವ ಯಂತ್ರದ ಪರೀಕ್ಷೆಗಾಗಿ ಯುವಕನೊಬ್ಬನು ಹರಪನಹಳ್ಳಿಯನ್ನೇ ಬಿಟ್ಟು ಹೋಗಬೇಕಾದ ವಿಚಿತ್ರಸ್ಥಿತಿಯು ಒದಗಿದೆ. ಕೂಸು ಹುಟ್ಟುವ ಮೊದಲೇ ಕುಲಾವಿಯನ್ನು ಕೇಳುವ ಈ ಪದ್ಧತಿಯಲ್ಲಿ ಕೂಸೇ ಹುಟ್ಟದಿದ್ದರೆ ಆಶ್ಚರ್ಯವೇನು?

ನಮ್ಮ ನಾಡಿಗೆ ಇದು ತಿಳಿಯದ ವಿದ್ಯೆಯಲ್ಲ. 1914ರಲ್ಲಿ ಯುರೋಪಿನ ಮಹಾಯುದ್ಧವು ಆರಂಭವಾದಾಗ, ಎಣ್ಣೆ ತೆಗೆಯಲು ಜರ್ಮನಿಗೆ ಹೋಗುತ್ತಿದ್ದ ಮೈಸೂರಿನ ಗಂಧದ ಮರವು ಇಲ್ಲಿಯೇ ಉಳಿಯಿತು. ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರು ಮರದಿಂದ ಎಣ್ಣೆ ಇಳಿಸುವ ಪ್ರಯೋಗಗಳನ್ನು ಮಾಡಿದರು. ಸರಕಾರವು ಕಾದು ಕೂಡದೆ 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯನ್ನು ತೆರೆಯಿತು. ಮರುವರ್ಷ ಮೈಸೂರಿನಲ್ಲಿಯೂ ಒಂದನ್ನು ಕಟ್ಟಿತು. ಅನಂತರ ಎಸ್. ಜಿ. ಶಾಸ್ತ್ರಿಗಳ ಪರಿಶ್ರಮದಿಂದ ಆ ಎಣ್ಣೆಯು ಸಾಬೂನಾಯಿತು. ಮೈಸೂರು ಸ್ಯಾಂಡಲ್ ಸಾಬೂನು ಇಂದಿಗೂ ಲಕ್ಷಾಂತರ ಮನೆಗಳ ಬಚ್ಚಲಿನಲ್ಲಿದೆ. ಅಂದು ಬ್ಯಾಂಕಿನ ಅಡವನ್ನೋ ಮಾರಾಟದ ಲೆಕ್ಕವನ್ನೋ ಕಾದಿದ್ದರೆ ಇದು ಆಗುತ್ತಿತ್ತೆ? ಸರಕಾರವೇ ಮೊದಲ ನಷ್ಟದ ಭಯವನ್ನು ತನ್ನ ತಲೆಯ ಮೇಲೆ ಹೊತ್ತುದರಿಂದ ಅದು ಸಾಧ್ಯವಾಯಿತು. ಅಂದು ನಮ್ಮ ಪಶ್ಚಿಮ ತಾಲ್ಲೂಕುಗಳು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯ ಮೂಲೆಯಲ್ಲಿದ್ದವು. ಆ ದೂರದೃಷ್ಟಿಯ ಫಲವು ಅವಕ್ಕೆ ದೊರೆಯಲಿಲ್ಲ. 1953ರ ಅಕ್ಟೋಬರ್ 1ರಂದು ಅವು ಮೈಸೂರಿಗೆ ಸೇರಿದವು. ಸೇರಿ ಏಳು ದಶಕಗಳು ಕಳೆದ ಮೇಲೂ ಅದೇ ಮೂಲೆಯೆಂಬ ಭಾವನೆಯು ಉಳಿದಿರುವುದು ನಾಡಿಗೆ ಗೌರವ ತರುವ ಮಾತಲ್ಲ.

ಹಡಗಲಿಯ ಮಲ್ಲಿಗೆಯನ್ನೇ ಗಂಧದ ಮರದ ಪಕ್ಕದಲ್ಲಿಟ್ಟು ನೋಡೋಣ. ದ್ರಾವಕದಿಂದ ಮಲ್ಲಿಗೆಯ ಸುಗಂಧಸಾರವನ್ನು ತೆಗೆಯುವ ವಿಧಾನವು ಹೊಸದಲ್ಲ. ಆದರೆ ಸಾಮಾನ್ಯವಾಗಿ ಸಾವಿರ ಕಿಲೋ ಹೂವಿಗೆ ಎರಡು ಮೂರು ಕಿಲೋ ಸಾರವಷ್ಟೇ ದೊರೆಯುವುದು. ಆದ್ದರಿಂದ ಹೂವಿನ ಬೆಲೆ ಕುಸಿದ ದಿನಗಳಲ್ಲಿ ಮಾತ್ರ ಸಾರ ತೆಗೆದರೆ ಗಿಟ್ಟುವುದೇ, ಉಳಿದ ದಿನಗಳಲ್ಲಿ ಅದೇ ಯಂತ್ರಕ್ಕೆ ಬೇರೆ ಯಾವ ಕೆಲಸ ಕೊಡಬಹುದು, ಹಡಗಲಿಯ ಹೂವಿನ ಸಾರವನ್ನು ಸುಗಂಧದ ವ್ಯಾಪಾರಿಗಳು ಮೆಚ್ಚುವರೇ - ಇವುಗಳಿಗೆ ಉತ್ತರವು ಪುಸ್ತಕದಲ್ಲಿಲ್ಲ. ಚಿಕ್ಕದೊಂದು ಯಂತ್ರವನ್ನು ಹಡಗಲಿಯಲ್ಲಿಯೇ ನಿಲ್ಲಿಸಿ, ಒಂದು ಹಂಗಾಮು ಪೂರ್ತಿ ನಡೆಸಿ ನೋಡಬೇಕು. ಉತ್ತರವು ‘ಗಿಟ್ಟದು’ ಎಂದು ಬಂದರೂ ನಷ್ಟವಿಲ್ಲ. ಹತ್ತು ಜನ ರೈತರು ಸಾಲ ಮಾಡಿ ಮುಳುಗುವುದು ತಪ್ಪಿತು. ‘ಗಿಟ್ಟುವುದು’ ಎಂದು ಬಂದರೆ ಬ್ಯಾಂಕಿನವರೇ ಬಾಗಿಲಿಗೆ ಬರುವರು. ಈ ಒಂದು ಹಂಗಾಮಿನ ವೆಚ್ಚವನ್ನು ಯಾರು ಕೊಡಬೇಕು ಎಂಬುದೇ ನಮ್ಮ ಪ್ರಶ್ನೆ.

ಅಮೆರಿಕದವರು ಈ ಪ್ರಶ್ನೆಗೆ 1982ರಲ್ಲಿ ಕಾನೂನಿನಿಂದ ಉತ್ತರ ಕೊಟ್ಟರು. ಸಂಶೋಧನೆಗೆ ಹೆಚ್ಚು ವೆಚ್ಚಮಾಡುವ ಸರಕಾರಿ ಇಲಾಖೆಗಳು ಆ ಹಣದಲ್ಲಿ ಒಂದು ಸಣ್ಣ ಪಾಲನ್ನು ಚಿಕ್ಕ ಉದ್ದಿಮೆಗಳ ಪ್ರಯೋಗಗಳಿಗೆಂದು ತೆಗೆದಿಡಬೇಕೆಂದು ವಿಧಿಸಿದರು. ಮೊದಲು ಅಲ್ಪಮೊತ್ತವನ್ನು ಕೊಟ್ಟು ಸಾಧ್ಯತೆಯನ್ನು ನೋಡುವುದು, ಗೆದ್ದವರಿಗೆ ಎರಡನೆಯ ಹಂತದಲ್ಲಿ ಹೆಚ್ಚು ಕೊಡುವುದು - ಇದು ಅವರ ಕ್ರಮವಾಯಿತು. ಅನುಕರಿಸತಕ್ಕುದು ಅವರ ಸಂಪತ್ತನ್ನಲ್ಲ, ಪಾಲನ್ನು ಮೊದಲೇ ತೆಗೆದಿಡುವ ಈ ಶಿಸ್ತನ್ನು.

ನಮ್ಮಲ್ಲಿ ಆ ಪಾಲು ಎಲ್ಲಿಂದ ಬರಬಹುದು? ಸಂವಿಧಾನದ 371ನೆಯ ಅನುಚ್ಛೇದದ ‘ಜೆ’ ವಿಧಿಯ ಫಲವಾಗಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ಏರ್ಪಟ್ಟಿದೆ. 1997ರಲ್ಲಿ ದಾವಣಗೆರೆಗೆ ಸೇರಿಹೋಗಿದ್ದ ಹರಪನಹಳ್ಳಿಯು 2018ರಲ್ಲಿ ಬಳ್ಳಾರಿ ಜಿಲ್ಲೆಗೆ ಮರಳಿದುದೂ ಈ ಸೌಲಭ್ಯಕ್ಕಾಗಿ ಅಲ್ಲಿಯ ಜನರು ಮಾಡಿದ ಹೋರಾಟದಿಂದಲೇ. ಇತ್ತೀಚಿನ ಆಯವ್ಯಯಗಳಲ್ಲಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂ.ಗಳನ್ನು ಗೊತ್ತುಮಾಡಲಾಗಿದೆ. ರಸ್ತೆ, ಶಾಲೆ, ಆಸ್ಪತ್ರೆಗಳು ಬೇಕೇ ಬೇಕು. ಅವುಗಳಿಂದ ಕಿತ್ತುಕೊಳ್ಳಿರೆಂದು ನಾವು ಹೇಳುವುದಿಲ್ಲ. ಸಾವಿರಕ್ಕೆ ಒಂದು ಪಾಲನ್ನು ಮಾತ್ರ ‘ಪ್ರಥಮ ಪ್ರಯೋಗ ನಿಧಿ’ಯೆಂದು ತೆಗೆದಿಡಲಿ. ಅದು 5 ಕೋಟಿ ರೂ. ಆಗುವುದು, ಒಂದೊಂದಕ್ಕೆ ಹೆಚ್ಚೆಂದರೆ 10 ಲಕ್ಷದಂತೆ, ಏಳು ಜಿಲ್ಲೆಗಳಲ್ಲಿ ವರ್ಷಕ್ಕೆ 50 ಪ್ರಯೋಗಗಳು.

ನಿಧಿಯ ನಿಯಮಗಳು ಸರಳವಾಗಿರತಕ್ಕದ್ದು. ಮೊದಲನೆಯದಾಗಿ, ಅರ್ಜಿಯು ಕನ್ನಡದಲ್ಲಿರಲಿ. ಕಂಪನಿಯ ನೋಂದಣಿಯನ್ನು ಪರೀಕ್ಷೆ ಮುಗಿದ ಮೇಲೆ ಕೇಳಲಿ. ಎರಡನೆಯದಾಗಿ, ಶೋಧಕನ ಜೊತೆಗೆ ಆ ತಾಲ್ಲೂಕಿನ ರೈತರ ಸಂಘವಾಗಲಿ ವರ್ತಕರಾಗಲಿ ಸಹಿ ಮಾಡಿ, ಈ ವಸ್ತುವು ತಮಗೆ ಬೇಕೆಂದು ಒಪ್ಪಿರಲಿ. ಮೂರನೆಯದಾಗಿ, ತೊಂಬತ್ತು ದಿನಗಳೊಳಗೆ ತೀರ್ಮಾನವಾಗಲಿ. ಹಣವು ಮೂರು ಕಂತುಗಳಲ್ಲಿ, ಪ್ರತಿ ಕಂತಿನ ಕೆಲಸವನ್ನು ಕಣ್ಣಾರೆ ಕಂಡ ಮೇಲೆ ಬರಲಿ. ನಾಲ್ಕನೆಯದಾಗಿ, ಗೆದ್ದರೂ ಸೋತರೂ ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಲಿ. ಐದನೆಯದಾಗಿ, ಉದ್ಯಮವು ನಿಂತ ಮೇಲೆ ಮಾರಾಟದ ಅಲ್ಪಾಂಶವು, ಕೊಟ್ಟ ಹಣದ ಎರಡರಷ್ಟಾಗುವವರೆಗೆ, ನಿಧಿಗೆ ಹಿಂದಿರುಗಲಿ. ಅಧ್ಯಾಪಕರು ಉದ್ಯಮವನ್ನು ಆರಂಭಿಸಬಹುದೆಂದು 2019ರ ರಾಷ್ಟ್ರೀಯ ನೀತಿಯೇ ಹೇಳಿರುವುದರಿಂದ, ಅವರಿಗೆ ಬೇಕಾದ ರಜೆಯನ್ನು ಕೊಡಲು ವಿಶ್ವವಿದ್ಯಾಲಯಗಳು ಹಿಂದೆಮುಂದೆ ನೋಡಬೇಕಾದುದಿಲ್ಲ.

ಪ್ರಜೆಗಳ ಹಣವನ್ನು ಸೋಲಬಹುದಾದ ಕೆಲಸಕ್ಕೆ ಹಾಕಬಹುದೇ ಎಂದು ಕೆಲವರು ಆಕ್ಷೇಪಿಸಬಹುದು. ಐವತ್ತರಲ್ಲಿ ಬಹುಪಾಲು ಸೋಲುವವೆಂದು ನಾವೇ ಮುಂಚಿತವಾಗಿ ಹೇಳಿಬಿಡುತ್ತೇವೆ. ಬಿತ್ತಿದ ಕಾಳೆಲ್ಲ ಮೊಳೆಯುವುದಿಲ್ಲವೆಂದು ನಮ್ಮ ರೈತನು ಬಿತ್ತನೆಯನ್ನು ನಿಲ್ಲಿಸಿರುವನೇ? ಸೋಲಿಗಿಂತ ಹೆಚ್ಚಿನ ಅಪಾಯವು ಬೇರೊಂದಿದೆ: ನಿಧಿಯು ಶಿಫಾರಸಿನವರ ಪಾಲಾಗುವುದು. ಈ ಭಯವು ಸಕಾರಣವಾದುದು. ಆದುದರಿಂದಲೇ ಯಾರಿಗೆ, ಎಷ್ಟು, ಏತಕ್ಕೆ, ಏನಾಯಿತು ಎಂಬ ನಾಲ್ಕು ಸಂಗತಿಗಳು ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿರಬೇಕು. ಪ್ರಾಮಾಣಿಕವಾದ ಸೋಲನ್ನು ದಂಡಿಸಬಾರದು. ಸುಳ್ಳು ಲೆಕ್ಕವನ್ನು ಕ್ಷಮಿಸಬಾರದು.

ಈ ಕಾರ್ಯವು ಸರಕಾರದ ಅಧಿಕಾರಿಗಳದ್ದು ಮಾತ್ರವಲ್ಲ. ಕೊಟ್ಟೂರಿನ ವರ್ತಕರು, ಹಗರಿಬೊಮ್ಮನಹಳ್ಳಿಯ ತೋಟಗಾರರು, ಹಡಗಲಿಯ ಅಧ್ಯಾಪಕರು, ಕೂಡ್ಲಿಗಿ ಹರಪನಹಳ್ಳಿಗಳ ವಕೀಲರೂ ವೈದ್ಯರೂ ಒಂದುಗೂಡಿ, ತಮ್ಮ ತಾಲ್ಲೂಕಿಗೆ ಪರಿಹಾರ ಬೇಕಾದ ಮೂರು ಕಷ್ಟಗಳು ಯಾವುವೆಂದು ಬರೆದು ಮಂಡಳಿಗೂ ವಿಶ್ವವಿದ್ಯಾಲಯಗಳಿಗೂ ಕಳುಹಿಸಲಿ. ಕೇಳುವವರಿಲ್ಲದೆ ಕೊಡುವವರು ಏಳುವುದಿಲ್ಲ. ಮುಂದಿನ ಆಯವ್ಯಯದ ಸಿದ್ಧತೆಯು ನಡೆಯುವಾಗ ಈ ಸಾವಿರಕ್ಕೊಂದು ಪಾಲಿನ ಮಾತನ್ನು ಕಲ್ಯಾಣ ಕರ್ನಾಟಕದ ಶಾಸಕರು ಸಭೆಯ ಮುಂದಿಡುವರೆಂದು ನಾವು ಆಶಿಸುತ್ತೇವೆ. ಶೇಂಗಾ ಒಣಗಿಸುವ ಯಂತ್ರವನ್ನು ಕಲ್ಪಿಸಿದ ಯುವಕನು ಬೆಂಗಳೂರಿನ ಬಸ್ಸನ್ನು ಹತ್ತುವ ಮೊದಲು, ತನ್ನ ಊರಿನ ಕಣದಲ್ಲಿ ಅದನ್ನು ಒಮ್ಮೆ ನಡೆಸಿ ನೋಡುವ ಅವಕಾಶವನ್ನಾದರೂ ಅವನಿಗೆ ಕೊಡುವುದು ನಾಡಿನ ಕರ್ತವ್ಯವಾಗಿದೆ.