ಹಳೆಯ ಕಡತ, ತೆರೆದ ಕಿಂಡಿ

ಕಾಗದಕ್ಕೆ ಗೆದ್ದಲು ಹಿಡಿಯಬಹುದು. ಆದರೆ ಅದು ಓದುಗನ ಮನೆಗೆ ಕನ್ನ ಹಾಕಲಾರದು. ಗಣಕಯಂತ್ರದ ಕಡತಕ್ಕೆ ಈ ಮಾತು ಸಲ್ಲದೆಂಬುದನ್ನು ಹೊರನಾಡಿನ ನಮ್ಮ ಸಂಘಗಳು ಇನ್ನೂ ಮನಗಂಡಂತಿಲ್ಲ.

೨೦೧೭ರಲ್ಲಿ ಬಯಲಾದ ಒಂದು ದೋಷವನ್ನು ನೋಡೋಣ. ಮೈಕ್ರೋಸಾಫ್ಟ್ ಕಂಪನಿಯ ವರ್ಡ್ ಮೊದಲಾದ ತಂತ್ರಾಂಶಗಳಲ್ಲಿ ಗಣಿತದ ಸಮೀಕರಣಗಳನ್ನು ಬರೆಯಲು 'ಇಕ್ವೇಶನ್ ಎಡಿಟರ್' ಎಂಬ ಪುಟ್ಟ ಉಪಕರಣವಿತ್ತು. ೨೦೦೭ರ ಆವೃತ್ತಿಯಲ್ಲಿ ಹೊಸದು ಬಂದರೂ, ಹಳೆಯ ಕಡತಗಳಿಗೆ ಬೇಕಾದೀತೆಂದು ೨೦೦೦ದಲ್ಲಿ ಸಿದ್ಧವಾದ ಈ ಹಳೆಯದನ್ನು ಹಾಗೆಯೇ ಉಳಿಸಿಕೊಳ್ಳಲಾಯಿತು. ಅದರ ದೋಷವಾದರೂ ಎಂಥದು? ಫಾಂಟಿನ ಹೆಸರನ್ನು ಸ್ಮೃತಿಯಲ್ಲಿರಿಸುವಾಗ ಅದು ಹೆಸರಿನ ಉದ್ದವನ್ನು ಅಳೆಯುತ್ತಿರಲಿಲ್ಲ. ದುರುಳನೊಬ್ಬ ಅಲ್ಲಿ ಅತಿ ಉದ್ದದ ಸಾಲನ್ನು ತುಂಬಿದರೆ, ಮಿಕ್ಕಿದ ಭಾಗ ಪಕ್ಕದ ಜಾಗವನ್ನು ಆಕ್ರಮಿಸಿ, ಯಂತ್ರವು ಅವನ ಆಜ್ಞೆಗೆ ಒಳಗಾಗುತ್ತಿತ್ತು. ಕಡತವನ್ನು ನಂಬಿ ತೆರೆದರೆ ಸಾಕಿತ್ತು.

ನವೆಂಬರ್ ೨೦೧೭ರಲ್ಲಿ ಕಂಪನಿ ತೇಪೆ ಹಾಕಿತು. ಜನವರಿ ೨೦೧೮ರಲ್ಲಿ ಉಪಕರಣವನ್ನೇ ಕಿತ್ತುಹಾಕಿತು. ಆದರೂ ೨೦೨೦ರಲ್ಲಿ ಅಮೆರಿಕದ ಸರಕಾರಿ ಸಂಸ್ಥೆಗಳು ಪ್ರಕಟಿಸಿದ, ಅತಿ ಹೆಚ್ಚು ದುರ್ಬಳಕೆಯಾದ ೧೦ ದೋಷಗಳ ಪಟ್ಟಿಯಲ್ಲಿ ಇದೂ ಇತ್ತು. ತೇಪೆಯನ್ನು ಪಡೆಯದ ಯಂತ್ರಗಳು ಅಷ್ಟಿದ್ದವು.

ಹಳೆಯ ಕಡತದ ಮೋಹ ನಮಗೂ ಹೊಸದಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನಮ್ಮ ಸ್ಮರಣ ಸಂಚಿಕೆಗಳನ್ನೂ ಸದಸ್ಯರ ಪಟ್ಟಿಗಳನ್ನೂ ಬಗೆಬಗೆಯ ಕನ್ನಡ ಫಾಂಟುಗಳಲ್ಲಿ ಬೆರಳಚ್ಚಿಸಿದೆವು. ಆಯಾ ಫಾಂಟು ಇಲ್ಲದಿದ್ದರೆ ಅವು ಅರ್ಥವಿಲ್ಲದ ಚಿಹ್ನೆಗಳು. ಆದ್ದರಿಂದಲೇ ಹಳೆಯ ಯಂತ್ರವನ್ನೂ ತಂತ್ರಾಂಶವನ್ನೂ ಜೋಪಾನ ಮಾಡುತ್ತೇವೆ. ಹೊರಗಿನಿಂದ ಬಂದ ಕಡತಗಳನ್ನೂ ಅದರಲ್ಲಿಯೇ ತೆರೆಯುತ್ತೇವೆ.

'ಬಡ ಸಂಘದಲ್ಲಿ ಕದಿಯಲು ಏನಿದೆ?' ಎನ್ನುವವರಿದ್ದಾರೆ. ನೂರಾರು ಕುಟುಂಬಗಳ ವಿಳಾಸವಿದೆ, ದೂರವಾಣಿ ಸಂಖ್ಯೆಯಿದೆ. ಎಲ್ಲಕ್ಕಿಂತ ಮಿಗಿಲಾಗಿ, ಸಂಘದ ಹೆಸರಿನಲ್ಲಿ ಬಂದ ಪತ್ರವನ್ನು ಶಂಕಿಸದೆ ತೆರೆಯುವ ವಿಶ್ವಾಸವಿದೆ. ಕಳ್ಳನಿಗೆ ಬೇಕಾದದ್ದು ಅದೇ.

ದೋಷಕ್ಕೆ ಮೊದಲ ಹೊಣೆ ತಯಾರಕರದೇ, ಸಂದೇಹವಿಲ್ಲ. ಆದರೆ ನಮ್ಮ ಪಾಲಿನ ಕೆಲಸವನ್ನು ಅವರು ಮಾಡಿಕೊಡಲಾರರು. ಹಳೆಯ ಯಂತ್ರವನ್ನು ಅಂತರಜಾಲದಿಂದ ಬೇರ್ಪಡಿಸಬೇಕು; ಹೊಸದಕ್ಕೆ ಕಾಲಕಾಲಕ್ಕೆ ತೇಪೆ ಹಾಕಿಸಬೇಕು; ಹಳೆಯ ಬರಹಗಳನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಿಸುವ ತಂತ್ರಾಂಶಗಳಿವೆ. ಆದರೆ ತಪ್ಪಿದ ಒತ್ತಕ್ಷರವನ್ನು ಗುರುತಿಸಲು ಕನ್ನಡ ಬಲ್ಲ ಕಣ್ಣು ಬೇಕು. ಹೊರನಾಡಿನಲ್ಲಿ ಆ ಕಣ್ಣುಗಳು ಹೆಚ್ಚಾಗಿ ಹಿರಿಯರವು. ಅವರು ನಮ್ಮೊಡನಿರುವಾಗಲೇ ಈ ಕೆಲಸ ಮುಗಿಯಬೇಕು. ಉಳಿಸಬೇಕಾದದ್ದು ಬರಹವನ್ನು, ಕಿಂಡಿಯನ್ನಲ್ಲ.