ಬೇಗಂಪೇಟೆಯ ಸೊಳ್ಳೆ ಮತ್ತು ಸಂಭಾವನಾರ್ಥಕ

ವೈಜ್ಞಾನಿಕ ವಿಧಾನವನ್ನು ಕಲಿಸುವ ಹೊಣೆ ವಿಜ್ಞಾನ ವಿಭಾಗಗಳದು ಮಾತ್ರ ಎಂಬ ಭಾವನೆ ವಿದ್ಯಾವಲಯದಲ್ಲಿ ಬೇರೂರಿದೆ. ಅಲ್ಲಿಯಾದರೂ ವೀಕ್ಷಣೆ, ಊಹೆ, ಪ್ರಯೋಗ, ನಿರ್ಣಯ ಎಂಬ ನಾಲ್ಕು ಮೆಟ್ಟಿಲುಗಳನ್ನು ಬಾಯಿಪಾಠ ಮಾಡಿಸುವುದೇ ಹೆಚ್ಚು. ಮೆಟ್ಟಿಲುಗಳ ಹೆಸರು ಬಲ್ಲವನು ಅವುಗಳನ್ನು ಏರಿದವನಲ್ಲ. ಏರುವುದೆಂದರೇನು ಎಂಬುದಕ್ಕೆ ಹೈದರಾಬಾದಿನ ವಿದ್ಯಾರ್ಥಿ ದೂರ ಹೋಗಬೇಕಾಗಿಲ್ಲ. ನಿದರ್ಶನ ಬೇಗಂಪೇಟೆಯಲ್ಲಿಯೇ ಇದೆ.

1897ರ ಆಗಸ್ಟ್ 20ರಂದು ಅಲ್ಲಿಯ ಸೈನಿಕ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿ ರೊನಾಲ್ಡ್ ರಾಸ್ ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡನು. ಪಠ್ಯಪುಸ್ತಕಗಳು ಇಷ್ಟು ಹೇಳಿ ಮುಗಿಸುತ್ತವೆ. ಅದರ ಹಿಂದಿದ್ದ ಎರಡು ವರ್ಷಗಳ ಸೋಲು ಪಾಠದಲ್ಲಿ ಬರುವುದಿಲ್ಲ. ವಿಧಾನವಿರುವುದಾದರೋ ಆ ಸೋಲಿನಲ್ಲಿ.

ರೋಗಿಯ ರಕ್ತದಲ್ಲಿ ಈ ಜೀವಿ ಇರುವುದನ್ನು ಲಾವೆರಾನ್ 1880ರಲ್ಲಿಯೇ ಅಲ್ಜೀರಿಯಾದಲ್ಲಿ ಕಂಡಿದ್ದನು. ಅದು ಸೊಳ್ಳೆಯ ಹೊಟ್ಟೆ ಸೇರಿ, ಸೊಳ್ಳೆ ನೀರಿನಲ್ಲಿ ಸತ್ತು, ಆ ನೀರನ್ನು ಕುಡಿದವರಿಗೆ ಜ್ವರ ಬರುತ್ತದೆಂದು ಮ್ಯಾನ್‌ಸನ್ ಊಹಿಸಿದ್ದನು. 1895ರಲ್ಲಿ ಸಿಕಂದರಾಬಾದಿನಲ್ಲಿ ರಾಸ್ ಅಂಥ ನೀರನ್ನು ಕುಡಿಸಿ ನೋಡಿದನು. ಒಬ್ಬನಿಗೆ ಜ್ವರವೂ ಬಂದಿತು. ಆತುರಗಾರನಾಗಿದ್ದರೆ ಅಲ್ಲಿಗೇ ಗ್ರಂಥ ಮುಗಿಸುತ್ತಿದ್ದನು. ರಾಸ್ ಪ್ರಯೋಗವನ್ನು ಇತರರ ಮೇಲೆ ಮರಳಿ ಮಾಡಿದನು. ಊಹೆಗೆ ಬೆಂಬಲ ದೊರೆಯಲಿಲ್ಲ. ಕೈಗೆ ಸಿಕ್ಕ ಜಾತಿಯ ಸೊಳ್ಳೆಗಳನ್ನೆಲ್ಲ ಸೀಳಿ ನೋಡಿದಾಗಲೂ ಏನೂ ಕಾಣಲಿಲ್ಲ. ಕಾಣದಿರುವುದಕ್ಕೆ ಎರಡು ಅರ್ಥಗಳು ಸಾಧ್ಯವಿದ್ದವು: ಊಹೆ ಸುಳ್ಳಾಗಿರಬಹುದು, ಇಲ್ಲವೇ ಸೊಳ್ಳೆಯ ಜಾತಿ ಬೇರೆಯಿರಬಹುದು. ಮುಂದೆ ರೆಕ್ಕೆಯಲ್ಲಿ ಚುಕ್ಕೆಗಳಿದ್ದ ಸೊಳ್ಳೆಗಳನ್ನು ಮರಿಯಿಂದಲೇ ಬೆಳೆಸಿ, ಬೇರಾವ ರಕ್ತವನ್ನೂ ಕುಡಿಯದ ಅವುಗಳಿಂದ ಹುಸೇನ್ ಖಾನ್ ಎಂಬ ರೋಗಿಯನ್ನು ಕಚ್ಚಿಸಲಾಯಿತು. ಕಚ್ಚಿದ ಒಂದೊಂದು ಸೊಳ್ಳೆಗೆ ಅವನಿಗೆ ದೊರೆತುದು ಒಂದಾಣೆ. ಅರಿವಿನ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಪ್ರಶ್ನೆಯೂ ಈ ಪಾಠದ ಭಾಗವಾಗಬೇಕು. ನಾಲ್ಕನೆಯ ದಿನ ಸೀಳಿದ ಸೊಳ್ಳೆಯಲ್ಲಿ ವರ್ಣಕಣಗಳುಳ್ಳ ಕೋಶಗಳು ಕಂಡವು. ಮರುದಿನ ಸೀಳಿದುದರಲ್ಲಿ ಅವು ದೊಡ್ಡವಾಗಿದ್ದವು. ಬೆಳೆಯುತ್ತಿರುವುದು ಜೀವಿಯೇ ಆಗಿರಬೇಕು.

ಕನ್ನಡ ವಿದ್ಯಾರ್ಥಿ ವಿಶೇಷವಾಗಿ ಗಮನಿಸಬೇಕಾದುದು ಮುಂದಿನದು. ಆ ವರ್ಷದ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾದ ವರದಿಯ ಶೀರ್ಷಿಕೆ, ಮಲೇರಿಯಾ ರಕ್ತವನ್ನು ಕುಡಿದ ಎರಡು ಸೊಳ್ಳೆಗಳಲ್ಲಿ ಕಂಡ ವಿಲಕ್ಷಣ ಕೋಶಗಳ ಬಗ್ಗೆ ಮಾತ್ರ ಹೇಳುತ್ತದೆ. ಮಲೇರಿಯಾದ ರಹಸ್ಯ ಭೇದಿಸಲಾಯಿತೆಂದು ಘೋಷಿಸುವುದಿಲ್ಲ. ಅದೇ ರಾಸ್ ತನ್ನ ಸಂಭ್ರಮವನ್ನು ಪದ್ಯದಲ್ಲಿ ತೋಡಿಕೊಂಡಿದ್ದನು. ವರದಿಗೆ ಅದನ್ನು ತರಲಿಲ್ಲ. ಸೊಳ್ಳೆ ಕಚ್ಚುವುದರಿಂದಲೇ ರೋಗ ಹರಡುವುದನ್ನು ಆತ ಹಕ್ಕಿಗಳ ಮಲೇರಿಯಾದಲ್ಲಿ ತೋರಿಸಿದುದು 1898ರಲ್ಲಿ, ಕಲ್ಕತ್ತೆಯಲ್ಲಿ. ಮನುಷ್ಯನ ಮಲೇರಿಯಾಕ್ಕೆ ಸಂಬಂಧಿಸಿದಂತೆ ಗ್ರಾಸ್ಸಿ ಮತ್ತು ಸಂಗಡಿಗರು ಅದೇ ವರ್ಷ ಇಟಲಿಯಲ್ಲಿ ಸರಪಳಿಯನ್ನು ಪೂರ್ಣಗೊಳಿಸಿದರು. ಆಧಾರ ನಿಂತಲ್ಲಿ ವಾಕ್ಯವೂ ನಿಲ್ಲುವುದು ಎಂದರೆ ಇದೇ. ವೈಜ್ಞಾನಿಕ ವಿಧಾನವು ಸೂಕ್ಷ್ಮದರ್ಶಕದ ಶಿಸ್ತಾಗಿರುವಷ್ಟೇ ವಾಕ್ಯದ ಶಿಸ್ತೂ ಹೌದು.

ಈ ಶಿಸ್ತಿಗೆ ಬೇಕಾದ ಸಾಮಗ್ರಿ ಕನ್ನಡದಲ್ಲಿ ಹೇರಳವಾಗಿದೆ. ಬಂದೀತು, ಇದ್ದೀತು ಎಂಬ ಸಂಭಾವನಾರ್ಥಕ ರೂಪಗಳಿವೆ. ಇರಬಹುದು, ಇರಬೇಕು, ತೋರುತ್ತದೆ ಎಂಬವು ನಂಬಿಕೆಯ ಬೇರೆ ಬೇರೆ ತೂಕಗಳನ್ನು ಹೇಳುತ್ತವೆ. ವ್ಯಾಕರಣದ ಪ್ರಶ್ನೆಗೆ ಇವುಗಳನ್ನು ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿಯೇ ಪ್ರಬಂಧದಲ್ಲಿ ಮೊದಲಿಂದ ಕೊನೆಯವರೆಗೆ 'ಆಗಿದೆ' ಎಂದು ಬರೆಯುತ್ತಾನೆ. ಪರಿಭಾಷೆಯೂ ಸ್ವಲ್ಪ ತೊಡಕು ಮಾಡಿದೆ. 'ಸಿದ್ಧಾಂತ' ಎಂದರೆ ಕೊನೆಗೆ ಸಿದ್ಧವಾದುದು. ಪೂರ್ವಪಕ್ಷವನ್ನು ಖಂಡಿಸಿದ ಮೇಲೆ ಉಳಿಯುವುದು. ಹೊಸ ಸಾಕ್ಷ್ಯ ಬಂದರೆ ತಿದ್ದಬೇಕಾದ ವಿವರಣೆಗೂ ಅದೇ ಹೆಸರಿಟ್ಟಾಗ, ಅದನ್ನು ಪ್ರಶ್ನಿಸುವುದು ಅವಿನಯವೆಂದು ವಿದ್ಯಾರ್ಥಿಗೆ ತೋರಿದರೆ ಆಶ್ಚರ್ಯವಿಲ್ಲ.

ಸಾಹಿತ್ಯದಲ್ಲಿ ಪ್ರಯೋಗವೆಲ್ಲಿದೆ ಎಂಬ ಆಕ್ಷೇಪ ಬರಬಹುದು. ಪ್ರಯೋಗಶಾಲೆ ಇಲ್ಲದಿದ್ದರೂ ಪರೀಕ್ಷೆ ಇದೆ. ಡಾ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಹಲ್ಮಿಡಿ ಶಾಸನವನ್ನು ಸು. 450ರದೆಂದು ಗಣಿಸಿ, ಕನ್ನಡದ ಮೊದಲ ಶಾಸನವೆಂದೇ ತಲೆಮಾರುಗಳು ಕಲಿತವು. 2013ರಲ್ಲಿ ತಾಳಗುಂದದಲ್ಲಿ ದೊರೆತ ಶಾಸನಕ್ಕೆ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಕ್ರಿ.ಶ. 370ರ ಕಾಲವನ್ನು ಸೂಚಿಸಿದಾಗ ಹಲವರಿಗೆ ಅದು ಹಲ್ಮಿಡಿಯ ಸೋಲೆಂಬಂತೆ ಕಂಡಿತು. ಸೋತುದು ಶಾಸನವಲ್ಲ, ಪಾಠದ ವಾಕ್ಯ. 'ಈವರೆಗೆ ದೊರೆತವುಗಳಲ್ಲಿ' ಎಂಬ ಎರಡು ಪದಗಳನ್ನು ಸೇರಿಸಿ ಕಲಿಸಿದ್ದರೆ ಹೊಸ ಶೋಧ ಅರಿವಿನ ಸಹಜ ಬೆಳವಣಿಗೆಯಾಗಿ ಕಾಣುತ್ತಿತ್ತು. ತಾಳಗುಂದದ ಕಾಲನಿರ್ಣಯವನ್ನೂ ಅದೇ ಎಚ್ಚರದಿಂದ ಓದಬೇಕು. ಲಿಪಿ, ಭಾಷೆ, ದೊರೆತ ಸ್ತರ ಇವು ಪರಸ್ಪರ ಹೊಂದುತ್ತವೆಯೇ ಎಂದು ಕೇಳಬೇಕು.

ಆದ್ದರಿಂದ ಕನ್ನಡ ವಿಭಾಗಗಳು ಹೊಸ ಪತ್ರಿಕೆಯೊಂದನ್ನು ಪಠ್ಯಕ್ರಮಕ್ಕೆ ಸೇರಿಸಬೇಕಾಗಿಲ್ಲ. ಪ್ರತಿ ಪ್ರಬಂಧದ ಕೊನೆಯಲ್ಲಿ ವಿದ್ಯಾರ್ಥಿ ಒಂದು ಪ್ರಶ್ನೆಗೆ ಉತ್ತರ ಬರೆದರೆ ಸಾಕು: ಯಾವ ಸಾಕ್ಷ್ಯ ದೊರೆತರೆ ಈ ನಿರ್ಣಯವನ್ನು ಬಿಟ್ಟುಕೊಡಬೇಕಾದೀತು? ಉತ್ತರ ಹೊಳೆಯದಿದ್ದರೆ ಬರೆದದ್ದು ನಿರ್ಣಯವಲ್ಲ, ಅಭಿಮಾನ. ಗುರುಗಳು ಹೇಳಿದರೆಂಬ ಕಾರಣಕ್ಕೆ ಒಪ್ಪುವ ಸಂಶೋಧಕನು, ಮ್ಯಾನ್‌ಸನ್ ಹೇಳಿದನೆಂದು ನೀರು ಕುಡಿಸುತ್ತಲೇ ಉಳಿದ ರಾಸ್‌ನಂತಾಗುತ್ತಾನೆ. ಅಂಥ ರಾಸ್‌ನನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ.